ತೋಟದ ಮನೆಯ ಆಡಿನ ಮರಿಗಳು: ಆಹಾರ ಮತ್ತು ಆರೋಗ್ಯ

ಕಾಫಿ, ಅಡಿಕೆ ತೋಟದ ಮನೆಗಳಲ್ಲಿ ಹಟ್ಟಿಯ ದನಗಳ ಜೊತೆಗೆ ಒಂದೆರಡು ಆಡುಗಳನ್ನು ಸಾಕುವ ರೂಢಿ ಹಲವೆಡೆ ಇದೆ. ಹಾಲಿಗೋ ಗೊಬ್ಬರಕ್ಕೋ ಎಂದು ತಂದ ಆಡು ಮರಿ ಹಾಕಿತೆಂದರೆ, ಆ ಮರಿ ಮನೆಯ ಮಕ್ಕಳಿಗೆ ಅಚ್ಚುಮೆಚ್ಚಾಗಿಬಿಡುತ್ತದೆ. ಹೀಗೆ ಅಕ್ಕರೆಯಿಂದ ಸಾಕಿದ ಮರಿಗಳು ಕೈ ತಪ್ಪಿಹೋಗುವುದು ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ. ಅದರ ಕಾರಣಗಳಲ್ಲಿ ಬಹುಪಾಲು ನಾವೇ ತಡೆಯಬಹುದಾದಂಥವು.

ಆಡಿನ ಮರಿ ಗರ್ಭದಲ್ಲಿರುವಾಗ ತಾಯಿಯ ರೋಗನಿರೋಧಕ ಅಂಶಗಳು ಅದರ ರಕ್ತಕ್ಕೆ ಸೇರುವುದಿಲ್ಲ. ಅವು ಸಿಗುವುದು ಗಿಣ್ಣುಹಾಲಿನಿಂದ. ಅವನ್ನು ಹೀರಿಕೊಳ್ಳುವ ಶಕ್ತಿ ಮರಿಯ ಕರುಳಿಗೆ ಇರುವುದು ಸುಮಾರು ೨೪ ಗಂಟೆ ಮಾತ್ರ. ಅದೂ ಗಂಟೆಗಂಟೆಗೆ ಕುಗ್ಗುತ್ತ ಹೋಗುತ್ತದೆ. ಆದುದರಿಂದ ಹುಟ್ಟಿದ ಒಂದು ಗಂಟೆಯೊಳಗೆ ಮರಿ ಮೊಲೆ ಹಿಡಿಯಬೇಕು. ೨ ಕಿಲೋ ತೂಗುವ ಮರಿಗೆ ಮೊದಲ ದಿನ ೨೦೦ ಮಿ.ಲೀ.ಗೆ ಕಡಮೆಯಾಗದಂತೆ, ನಾಲ್ಕೈದು ಸಲವಾಗಿ, ಗಿಣ್ಣುಹಾಲು ಹೋಗಬೇಕು. ಮನೆಯಲ್ಲಿ ಗಿಣ್ಣು ಮಾಡುವ ಆಸೆ ಇದ್ದರೆ ಅದು ಮರಿಯ ಪಾಲು ಮುಗಿದ ನಂತರ! ಹೊಕ್ಕುಳಬಳ್ಳಿಯನ್ನು ಹೊಟ್ಟೆಯಿಂದ ಒಂದು ಅಂಗುಲ ಬಿಟ್ಟು ಶುಚಿಯಾದ ದಾರದಿಂದ ಕಟ್ಟಿ, ಕತ್ತರಿಸಿ, ತುದಿಗೆ ಟಿಂಚರ್ ಅಯೋಡಿನ್ ಹಚ್ಚಬೇಕು.

ಮಳೆಗಾಲದ ರಾತ್ರಿ ಹುಟ್ಟಿದ ಮರಿಯ ಬಾಯೊಳಗೆ ಬೆರಳಿಟ್ಟಾಗ ತಣ್ಣಗಿದ್ದರೆ ಒಡನೆ ಹಾಲು ಕುಡಿಸತಕ್ಕದ್ದಲ್ಲ. ಒರೆಸಿ, ಗೋಣಿಯಲ್ಲಿ ಸುತ್ತಿ, ಒಲೆಯ ಬಳಿ ಮೈ ಬೆಚ್ಚಗೆ ಮಾಡಿದ ಮೇಲೆಯೇ ಹಾಲು ಕೊಡಬೇಕು.

ತಾಯಿಯಿಲ್ಲದ ಮರಿಗೆ ಕಾಯಿಸಿ ಆರಿಸಿದ ಹಸುವಿನ ಹಾಲನ್ನು ಉಗುರುಬೆಚ್ಚಗೆ ಕೊಡಬಹುದು. ೨ ಕಿಲೋ ಮರಿಗೆ ದಿನಕ್ಕೆ ಸುಮಾರು ೩೦೦ ಮಿ.ಲೀ. ಸಾಕು, ಇದನ್ನು ನಾಲ್ಕು ಹೊತ್ತಿಗೆ ಹಂಚಬೇಕು. ಮರಿಯನ್ನು ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ನಿಲ್ಲಿಸಿಯೇ ಕುಡಿಸಿರಿ, ಬಾಟಲಿಯನ್ನು ಪ್ರತಿ ಸಲವೂ ಬಿಸಿನೀರಿನಲ್ಲಿ ತೊಳೆಯಿರಿ.

ಎರಡು ವಾರಕ್ಕೆ ಮರಿ ಎಲೆ ಕಚ್ಚತೊಡಗುತ್ತದೆ. ಹಲಸಿನ ಎಳೆ ಸೊಪ್ಪು, ನೆರಳಿಗೆ ಬೆಳೆಸಿದ ಹಾಲುವಾಣದ ಸೊಪ್ಪು ಇವನ್ನು ಕಟ್ಟಿ ತೂಗುಹಾಕಿದರೆ ನೆಲದ ಕೊಳೆ ತಗಲುವುದಿಲ್ಲ. ಮೆಲುಕುಚೀಲ ಕೆಲಸಕ್ಕೆ ಬರಲು ಆರರಿಂದ ಎಂಟು ವಾರ ಬೇಕು. ಮೂರು ತಿಂಗಳಿಗೆ ಹಾಲು ಬಿಡಿಸಬಹುದು. ಬೇಲಿಯ ಲಂಟಾನ ಯಕೃತ್ತಿಗೆ ವಿಷ.

ಇಲ್ಲೊಂದು ಮಾತು ಒತ್ತಿ ಹೇಳಬೇಕಾಗಿದೆ. ಮನೆಯಲ್ಲಿ ಹಬ್ಬವೋ ಊಟವೋ ಆದ ದಿನ ಉಳಿದ ಅನ್ನ, ಪಾಯಸವನ್ನು ಮಕ್ಕಳು ಪ್ರೀತಿಯಿಂದ ಮರಿಗೆ ತಿನ್ನಿಸುತ್ತಾರೆ. ಅದು ಹೊಟ್ಟೆಯಲ್ಲಿ ಹುಳಿಯಾಗುತ್ತದೆ. ಅಷ್ಟೇ ಅಲ್ಲ, ಕರುಳಿನಲ್ಲಿ ಮೊದಲೇ ಇರುವ ಒಂದು ಬಗೆಯ ಸೂಕ್ಷ್ಮಾಣು ಪಿಷ್ಟ ಸಿಕ್ಕೊಡನೆ ಮಿತಿಮೀರಿ ಬೆಳೆದು ವಿಷ ಕಾರುತ್ತದೆ. ಇದೇ ಕರುಳುಬೇನೆ. ಸಂಜೆ ಕುಣಿಯುತ್ತಿದ್ದ ಪುಷ್ಟಿಯಾದ ಮರಿ ಬೆಳಗ್ಗೆ ಸತ್ತು ಬಿದ್ದಿರುತ್ತದೆ. ಯಾರದೋ ಕಣ್ಣು ತಗುಲಿತು ಎನ್ನುತ್ತೇವೆ. ಮೊದಲ ಮಳೆಗೆ ಚಿಗುರಿದ ಹುಲ್ಲನ್ನು ಒಮ್ಮೆಲೇ ಹೊಟ್ಟೆತುಂಬ ಮೇಯಿಸಿದರೂ ಹೀಗಾದೀತು.

ಅಡಿಕೆ ತೋಟದವರಿಗೆ ಇನ್ನೊಂದು ಎಚ್ಚರಿಕೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ತೋಟದಲ್ಲಿ ಮರಿಗಳನ್ನು ಬಿಡಬಾರದು. ಮದ್ದು ಬಿದ್ದ ಹುಲ್ಲು, ಹಾಳೆಗಳ ಮೂಲಕ ಮೈಗೆ ಸೇರುವ ತಾಮ್ರ ಯಕೃತ್ತಿನಲ್ಲಿ ಶೇಖರವಾಗುತ್ತದೆ. ಕುರಿಗಿಂತ ಆಡು ಸ್ವಲ್ಪ ತಾಳಿಕೊಂಡೀತು, ಎಳೆಮರಿ ತಾಳದು. ಮೈಲುತುತ್ತು ಕರಗಿಸಿದ ಪಾತ್ರೆಯಲ್ಲಿ ನೀರಿಡಲೂ ಬಾರದು.

ಮಲೆನಾಡಿನ ಒದ್ದೆ ನೆಲದಲ್ಲಿ ರಕ್ತಭೇದಿಯೂ ಹೊಟ್ಟೆಹುಳುವೂ ಸಾಮಾನ್ಯ. ಅಡಿಕೆ ದಬ್ಬೆಗಳನ್ನು ಅರ್ಧ ಅಂಗುಲ ಸಂದು ಬಿಟ್ಟು ಹೊಡೆದು, ನೆಲದಿಂದ ಮೂರು ಅಡಿ ಎತ್ತರಕ್ಕೆ ಅಟ್ಟ ಮಾಡಿದರೆ ಹಿಕ್ಕೆ ಕೆಳಗೆ ಬೀಳುತ್ತದೆ, ಮರಿ ಒಣಗಿರುತ್ತದೆ, ಗೊಬ್ಬರ ಬಳಿಯುವುದೂ ಸುಲಭ. ಇಬ್ಬನಿ ಆರುವ ಮುನ್ನ ಮೇಯಲು ಬಿಡಬೇಡಿರಿ. ಕಣ್ಣಿನ ಕೆಳರೆಪ್ಪೆ ಬಿಡಿಸಿ ನೋಡಿದಾಗ ಕೆಂಪಿಲ್ಲದೆ ಬಿಳಿಚಿದ್ದರೆ, ದವಡೆಯ ಕೆಳಗೆ ನೀರು ತುಂಬಿದಂತೆ ಊದಿದ್ದರೆ, ಅದು ರಕ್ತ ಹೀರುವ ಹುಳುವಿನ ಲಕ್ಷಣ. ಜಂತುನಾಶಕವನ್ನು ಮರಿಯ ತೂಕ ನೋಡಿ ಪಶುವೈದ್ಯರು ಹೇಳಿದಷ್ಟೇ ಕೊಡಬೇಕು. ಭೇದಿಯಾದಾಗ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತಿರಬೇಕು.

ಕರುಳುಬೇನೆಯ ಚುಚ್ಚುಮದ್ದನ್ನು ಮೂರು ತಿಂಗಳು ದಾಟಿದ ಮೇಲೆ ಹಾಕಿಸಿ, ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ, ಆನಂತರ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹಾಕಿಸಬೇಕು. ಭಾರತದಲ್ಲಿ ೧೯೮೭ರಲ್ಲಿ ತಮಿಳುನಾಡಿನಲ್ಲಿ ಮೊದಲು ಕಾಣಿಸಿಕೊಂಡ ಪಿ.ಪಿ.ಆರ್. ರೋಗಕ್ಕೂ ಲಸಿಕೆ ಇದೆ. ಜ್ವರ, ಮೂಗು ಕಣ್ಣುಗಳಲ್ಲಿ ಸೋರಿಕೆ, ಬಾಯಿಹುಣ್ಣು, ಭೇದಿ ಇದರ ಲಕ್ಷಣಗಳು. ಸಂತೆಯಿಂದ ತಂದ ಆಡನ್ನು ಮೂರು ವಾರ ಬೇರೆ ಕಟ್ಟಿ, ಆಮೇಲೆ ಮರಿಗಳೊಡನೆ ಬಿಡಿರಿ.