ಗಡಿ ತಾಲೂಕುಗಳಲ್ಲಿ ಸಾರ್ವತ್ರಿಕ ಶಿಕ್ಷಣ: ಗಣರಾಜ್ಯದ ಆರಂಭಕಾಲದ ಎರಡು ಚರ್ಚೆಗಳು

ಶಿಕ್ಷಣವು ಮಗುವಿನ ಹಕ್ಕೋ, ರಾಜ್ಯದ ಪ್ರಯತ್ನವೋ? ಅದು ಯಾವ ನುಡಿಯಲ್ಲಿ ದೊರೆಯಬೇಕು? ಭಾರತ ಗಣರಾಜ್ಯವು ರೂಪುಗೊಳ್ಳುತ್ತಿದ್ದಾಗ ಚರ್ಚಿತವಾದ ಈ ಎರಡು ಪ್ರಶ್ನೆಗಳನ್ನು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಪ್ರದೇಶವನ್ನು ಮುಂದಿಟ್ಟುಕೊಂಡು ನಾವಿಲ್ಲಿ ವಿವೇಚಿಸುವೆವು. ಇವೆರಡೂ ಅಲ್ಲಿ ಒಂದರೊಡನೊಂದು ಹೆಣೆದುಕೊಂಡಿರುವುದೇ ಇದಕ್ಕೆ ಕಾರಣ.

ಸಕ್ತಿಯ ಶಿಕ್ಷಣದ ವಿಚಾರ ಈ ಭಾಗಕ್ಕೆ ಹೊಸತಾಗಿರಲಿಲ್ಲ. ನಿಪ್ಪಾಣಿಗೆ ಸಮೀಪದ ಕಾಗಲದಲ್ಲಿ ಬಾಲ್ಯದ ವಿದ್ಯಾಭ್ಯಾಸ ಮಾಡಿದ ಗೋಪಾಲಕೃಷ್ಣ ಗೋಖಲೆಯವರು 1911ರಲ್ಲಿ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ಮಂಡಿಸಿದರು. ಮರುವರ್ಷ ಅದು ತಿರಸ್ಕೃತವಾಯಿತು. ಆದರೆ ಕೊಲ್ಲಾಪುರದ ಶಾಹೂ ಮಹಾರಾಜರು 1917ರಲ್ಲಿ ತಮ್ಮ ಸಂಸ್ಥಾನದಲ್ಲಿ ಉಚಿತ ಹಾಗೂ ಸಕ್ತಿಯ ಶಿಕ್ಷಣವನ್ನು ಶಾಸನಬದ್ಧಗೊಳಿಸಿದರು. ರಾಯಬಾಗವು ಆಗ ಆ ಸಂಸ್ಥಾನಕ್ಕೆ ಸೇರಿದ್ದಿತು. ನೆರೆಯ ಚಿಕ್ಕೋಡಿ, ಅಥಣಿ ತಾಲೂಕುಗಳಾದರೋ ಮುಂಬಯಿ ಪ್ರಾಂತದವು. ಅಲ್ಲಿ 1918ರ ಕಾಯಿದೆಯು ಪುರಸಭೆಗಳಿಗೆ ಸಕ್ತಿಯ ಅಧಿಕಾರವಿತ್ತಿತು. 1923ರದು ಸ್ಥಳೀಯ ಸಂಸ್ಥೆಗಳಿಗೆ ಶಾಲೆಗಳ ಹೊಣೆಯನ್ನು ವಹಿಸಿತು. 1947ರದು ಜಿಲ್ಲಾ ಶಾಲಾ ಮಂಡಳಿಗಳ ವ್ಯವಸ್ಥೆಯನ್ನು ಪುನಾರಚಿಸಿತು. 1949ರ ಮಾರ್ಚಿನಲ್ಲಿ ಕೊಲ್ಲಾಪುರವು ಮುಂಬಯಿಯಲ್ಲಿ ವಿಲೀನವಾದಾಗ ಈ ಎರಡು ಪರಂಪರೆಗಳು ಒಂದೇ ಆಡಳಿತದೊಳಗೆ ಬಂದವು.

ಇನ್ನು ಸಂವಿಧಾನ ಸಭೆಯ ಚರ್ಚೆ. ಪ್ರತಿಯೊಬ್ಬ ನಾಗರಿಕನೂ ಉಚಿತ ಪ್ರಾಥಮಿಕ ಶಿಕ್ಷಣಕ್ಕೆ ಹಕ್ಕುಳ್ಳವನೆಂಬ ಮಾತು ಕರಡಿನ 36ನೆಯ ಕಲಮಿನ ಆರಂಭದಲ್ಲಿದ್ದಿತು. 1948ರ ನವೆಂಬರ್ 23ರಂದು ಲಕ್ಷ್ಮೀಕಾಂತ ಮೈತ್ರರು ಅದನ್ನು ಕೈಬಿಡುವಂತೆ ಸೂಚಿಸಿದರು. ನಿರ್ದೇಶಕ ತತ್ತ್ವಗಳ ಭಾಗದಲ್ಲಿ ಹಕ್ಕಿನ ಮಾತು ಹೊಂದಿಕೊಳ್ಳದೆಂಬುದು ಅವರ ವಾದ. ಸೂಚನೆ ಅಂಗೀಕೃತವಾಯಿತು. ಉಳಿದುದು, ರಾಜ್ಯವು ಹತ್ತು ವರ್ಷಗಳೊಳಗೆ ಹದಿನಾಲ್ಕು ವರ್ಷ ತುಂಬುವವರೆಗಿನ ಮಕ್ಕಳಿಗೆಲ್ಲ ಶಿಕ್ಷಣವೊದಗಿಸಲು ಯತ್ನಿಸತಕ್ಕದ್ದೆಂಬ ಮಾತು. ಅದೇ 45ನೆಯ ಕಲಮಾಯಿತು. ಇದನ್ನು ಪ್ರಾಥಮಿಕ ಹಂತಕ್ಕೆ ಮಿತಗೊಳಿಸಬೇಕೆಂಬ ನಜೀರುದ್ದೀನ್ ಅಹಮದರ ತಿದ್ದುಪಡಿಯನ್ನು ಮಾತ್ರ ಡಾ. ಅಂಬೇಡ್ಕರರು ಒಪ್ಪಲಿಲ್ಲ. ಹದಿನಾಲ್ಕರೊಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚಬಾರದೆಂದ ಮೇಲೆ ಅವರು ಶಾಲೆಯಲ್ಲಿರುವಂತೆ ನೋಡಿಕೊಳ್ಳಬೇಕೆಂಬುದು ಅವರ ತರ್ಕ.

1925ರಲ್ಲಿ ನಿಪ್ಪಾಣಿಯ ಪರಿಷತ್ತಿಗೆ ಬಂದಿದ್ದ ಅಂಬೇಡ್ಕರರ ಈ ತರ್ಕದ ಬೆಲೆಯನ್ನು ನಿಪ್ಪಾಣಿಯೇ ಚೆನ್ನಾಗಿ ತೋರಿಸಿಕೊಡುತ್ತದೆ. ತಂಬಾಕಿನ ಪೇಟೆಯೆಂದು ಹೆಸರಾದ ಈ ಊರಿನಲ್ಲಿ ಬೀಡಿ ಕಟ್ಟುವ ಕೆಲಸ ಬಹುಮಟ್ಟಿಗೆ ಹೆಂಗಸರ ಕೈಯಲ್ಲಿ, ಮನೆಗಳಲ್ಲಿ ನಡೆದುಬಂದಿತು. ಸಂವಿಧಾನದ 24ನೆಯ ಕಲಮು ಕಾರ್ಖಾನೆ, ಗಣಿ, ಅಪಾಯಕರ ಉದ್ಯೋಗಗಳನ್ನಷ್ಟೇ ಹೆಸರಿಸಿತು. 1986ರ ಬಾಲಕಾರ್ಮಿಕ ಕಾಯಿದೆಯು ಬೀಡಿ ತಯಾರಿಕೆಯನ್ನು ನಿಷೇಧಿಸಿದರೂ, ಕುಟುಂಬದವರೇ ನಡೆಸುವ ಕೆಲಸವನ್ನು ಹೊರಗಿಟ್ಟಿತು. ತಾಯಿಯ ಪಕ್ಕದಲ್ಲಿ ಕುಳಿತು ಎಲೆ ಕತ್ತರಿಸುವ ಮಗುವನ್ನು ಶಾಲೆಗೆ ಕರೆತರಲು ನಿಷೇಧವೊಂದೇ ಸಾಲದು. ಶಾಲೆಯನ್ನು ಕೇಳುವ ಅಧಿಕಾರವೂ ಅದಕ್ಕಿರಬೇಕು. 1948ರಲ್ಲಿ ಕೈಬಿಟ್ಟದ್ದು ಅದನ್ನೇ.

ಎರಡನೆಯದು ನುಡಿಯ ಪ್ರಶ್ನೆ. 1949ರ ಆಗಸ್ಟಿನಲ್ಲಿ ಪ್ರಾಂತಗಳ ಶಿಕ್ಷಣಮಂತ್ರಿಗಳ ಪರಿಷತ್ತು ಒಂದು ಸೂತ್ರವನ್ನು ಒಪ್ಪಿತು: ಪ್ರಾದೇಶಿಕ ಭಾಷೆಗಿಂತ ಭಿನ್ನವಾದ ತಾಯ್ನುಡಿಯ ಮಕ್ಕಳು ಶಾಲೆಯಲ್ಲಿ 40 ಜನರಾಗಲಿ, ಒಂದು ತರಗತಿಯಲ್ಲಿ 10 ಜನರಾಗಲಿ ಇದ್ದರೆ ಅವರಿಗೊಬ್ಬ ಶಿಕ್ಷಕನನ್ನು ನೇಮಿಸಬೇಕು. 1956ರ ನವೆಂಬರ್ 1ರಂದು ಈ ತಾಲೂಕುಗಳು ಮೈಸೂರು ರಾಜ್ಯವನ್ನು ಸೇರಿದಾಗ ಇಲ್ಲಿಯ ಮರಾಠಿ ಮಕ್ಕಳಿಗೂ, ಆಚೆ ಜತ್ತ, ಅಕ್ಕಲಕೋಟೆಗಳ ಕನ್ನಡ ಮಕ್ಕಳಿಗೂ ಇಂಥ ಸೂತ್ರವೇ ಆಸರೆಯಾಗಬೇಕಾಯಿತು. ಅದೇ ವರ್ಷ ಸೇರಿಸಲಾದ 350ಎ ಕಲಮು ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯವನ್ನು ವಿಧಿಸಿತಾದರೂ, ಅದರ ಮಾತೂ ಯತ್ನದ ಮಾತೇ ಆಗಿದೆ. 1967ರ ಮಹಾಜನ ಆಯೋಗದ ವರದಿ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಸೇರಿಸಲು ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ಗಡಿ ಎಲ್ಲಿ ಹಾದರೂ ಅದರ ಇಕ್ಕೆಲಗಳಲ್ಲಿ ಅನ್ಯನುಡಿಯ ಮಕ್ಕಳು ಉಳಿಯುವರಾದ್ದರಿಂದ, ಗಡಿಯ ನಿರ್ಣಯವು ಶಾಲೆಯ ಪ್ರಶ್ನೆಗೆ ಉತ್ತರವಾಗಲಾರದು.

ಹಕ್ಕಿನ ಮಾತು 2002ರ 86ನೆಯ ತಿದ್ದುಪಡಿಯಿಂದ 21ಎ ಕಲಮಾಗಿ ಮರಳಿತು. ಅದರಂತೆ ರಚಿತವಾದ ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಆದರೆ ತಾಯ್ನುಡಿಯ ಮಾಧ್ಯಮವನ್ನು ಆ ಕಾಯಿದೆಯು ಸಾಧ್ಯವಾದಷ್ಟು ಮಟ್ಟಿಗೆ ಎಂದಷ್ಟೇ ಹೇಳುತ್ತದೆ. ಹೀಗೆ ಮೊದಲ ಪ್ರಶ್ನೆಗೆ ಐವತ್ತನಾಲ್ಕು ವರ್ಷಗಳ ತರುವಾಯ ಉತ್ತರ ದೊರೆಯಿತು. ಎರಡನೆಯದು ಯತ್ನದ ಹಂತದಲ್ಲಿಯೇ ನಿಂತಿದೆ. ಗಡಿಭಾಗದ ಶಾಲೆಗಳನ್ನು ಅಭ್ಯಸಿಸುವವರು ಈ ಅಂತರವನ್ನು ಮೊದಲು ಗಮನಿಸಬೇಕೆಂದು ನಮ್ಮ ಅಭಿಪ್ರಾಯ.