ಸೆರಗಿನ ಮರೆಯ ಗಂಟು

ಸೌಕಾರ್‌ಪೇಟೆಯ ನಮ್ಮ ವಠಾರದಲ್ಲಿ ಒಬ್ಬರ ಮನೆಯ ನೆಗಡಿಯೂ ಇನ್ನೊಬ್ಬರಿಗೆ ತಿಳಿಯದೆ ಉಳಿಯದು. ಆದರೂ ನಮ್ಮ ಚಿಕ್ಕಮ್ಮ ಎದೆಯಲ್ಲಿನ ಗಂಟೊಂದನ್ನು ಎಂಟು ತಿಂಗಳು ಸೆರಗಿನ ಮರೆಯಲ್ಲಿಯೇ ಇಟ್ಟುಕೊಂಡಿದ್ದರು. ತಿಳಿದಾಗ ನಾನು ಗದರಿದೆ. “ನೋವೇ ಇಲ್ಲವಲ್ಲ ಮಗೂ. ಗಂಡಸು ಡಾಕ್ಟರಿಗೆ ಹೇಗೆ ತೋರಿಸಲಿ?” ಎಂದರು.

ನೋವಿಲ್ಲದ್ದು ನಿರಪಾಯವೆಂದು ನಮ್ಮ ಹೆಂಗಸರು ತಿಳಿದಿದ್ದಾರೆ. ಸ್ತನದ ಕ್ಯಾನ್ಸರು ಮೊದಮೊದಲು ಬಹುಮಟ್ಟಿಗೆ ನೋಯುವುದೇ ಇಲ್ಲ; ಮೋಸವಿರುವುದೇ ಅಲ್ಲಿ.

ಹಾಗೆಂದು ಗಂಟೆಲ್ಲವೂ ಕ್ಯಾನ್ಸರಲ್ಲ. ಹರೆಯದವರಲ್ಲಿ ಬೆರಳಿನಡಿ ಜಾರಾಡುವ ನುಣುಪು ಗಂಟು, ನೀರು ತುಂಬಿದ ಗುಳ್ಳೆ, ಹಾಲೂಡಿಸುವ ತಾಯಿಗೆ ಬರುವ ಕೀವಿನ ಬಾವು, ಇಂಥವೇ ಹೆಚ್ಚು. ಆದರೆ ಯಾವುದು ಯಾವುದೆಂದು ಮನೆಯಲ್ಲಿ ಕುಳಿತು ತೀರ್ಮಾನಿಸಲಾಗದು. ಹೊಸದಾಗಿ ಗಂಟು ಕಂಡರೆ, ಚರ್ಮ ಗುಳಿಬಿದ್ದರೆ ಅಥವಾ ಕಿತ್ತಳೆಯ ಸಿಪ್ಪೆಯಂತಾದರೆ, ತೊಟ್ಟು ಒಳಸೇರಿದರೆ, ಅದರಿಂದ ರಕ್ತ ಒಸರಿದರೆ, ಕಂಕುಳಲ್ಲಿ ಗಡ್ಡೆ ಸಿಕ್ಕಿದರೆ ವೈದ್ಯರಲ್ಲಿಗೆ ಹೋಗಬೇಕು. ಅಪರೂಪವಾಗಿ ಗಂಡಸರಿಗೂ ಈ ರೋಗ ಬರುವುದುಂಟು.

ಪರೀಕ್ಷೆಗೆ ಮೂರು ಮೆಟ್ಟಿಲು. ಮೊದಲು ವೈದ್ಯರು ಎರಡೂ ಎದೆಗಳನ್ನೂ ಕಂಕುಳನ್ನೂ ನೋಡಿ, ಬೆರಳಿನಿಂದ ಒತ್ತಿ ತಿಳಿಯುತ್ತಾರೆ. ಆಮೇಲೆ ಚಿತ್ರ: ಚಿಕ್ಕ ವಯಸ್ಸಿನವರಿಗೆ ಸಾಮಾನ್ಯವಾಗಿ ಅಲ್ಟ್ರಾಸೌಂಡ್, ನಲವತ್ತು ದಾಟಿದವರಿಗೆ ಮ್ಯಾಮೊಗ್ರಾಂ ಸಹ. ಕೊನೆಗೆ, ಬೇಕೆನಿಸಿದರೆ, ಸೂಜಿಯಿಂದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಸೂಜಿ ಚುಚ್ಚಿದರೆ ರೋಗ ಹರಡುವುದೆಂಬ ಭಯಕ್ಕೆ ಕಿವಿಗೊಡಬೇಡಿ. ಸಂಕೋಚವಿದ್ದರೆ ಹೆಂಗಸು ಡಾಕ್ಟರನ್ನೇ ಕೇಳಬಹುದು, ಜೊತೆಗೊಬ್ಬರನ್ನು ಕರೆದೊಯ್ಯಬಹುದು.

ನಾವಿರುವ ಊರು ಈ ವಿಷಯದಲ್ಲಿ ಭಾಗ್ಯಶಾಲಿ. ತಂಗಿಯನ್ನು ಕ್ಯಾನ್ಸರಿಗೆ ಕಳೆದುಕೊಂಡ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಛಲದಿಂದ 1954ರಲ್ಲಿ ಅಡ್ಯಾರಿನ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ 12 ಹಾಸಿಗೆಗಳೊಡನೆ ಆರಂಭವಾಯಿತು. ಮರುವರ್ಷ ಅಲ್ಲಿ ಸೇರಿದ ಡಾ. ವಿ. ಶಾಂತಾ 2021ರಲ್ಲಿ ತೀರಿಕೊಳ್ಳುವವರೆಗೂ ಆ ಸೇವೆಯಲ್ಲೇ ಇದ್ದರು. ನಮ್ಮ ಪೇಟೆಗೆ ಹತ್ತಿರದಲ್ಲೇ, ಸೆಂಟ್ರಲ್ ಸ್ಟೇಷನ್ನಿನ ಎದುರಿಗೆ, ಸರ್ಕಾರಿ ಜನರಲ್ ಆಸ್ಪತ್ರೆಯೂ ಇದೆ.

ಕಚೇರಿಗೆ ರಜಾಚೀಟಿ ಬರೆದು ನಾನೇ ಚಿಕ್ಕಮ್ಮನನ್ನು ಆಸ್ಪತ್ರೆಗೆ ಕರೆದೊಯ್ದೆ. ರೋಗ ಅಷ್ಟರಲ್ಲಿ ಕಂಕುಳಿಗೂ ಇಳಿದಿತ್ತು. ಶಸ್ತ್ರಕ್ರಿಯೆ ಆಯಿತು, ಒಂದು ಸ್ತನ ಹೋಯಿತು, ತಿಂಗಳುಗಟ್ಟಲೆ ಔಷಧಿ ನಡೆಯಿತು. ಜೀವ ಉಳಿಯಿತು. ಈಗ ಅವರು ನಲ್ಲಿಯ ಬಳಿ ನೀರು ಹಿಡಿಯಲು ಬಂದ ಹೆಂಗಸರನ್ನೆಲ್ಲ ನಿಲ್ಲಿಸಿ ಕೇಳುತ್ತಾರೆ: “ಏನಾದರೂ ಮುಚ್ಚಿಟ್ಟಿದ್ದೀಯೇನೇ?”

ಸಹೋದರಿಯರೇ, ಈ ಪ್ರಶ್ನೆಯನ್ನು ನಿಮ್ಮ ಮನೆಯ ತಾಯಿ, ಅತ್ತೆ, ನಾದಿನಿಯರಿಗೂ ಇಂದೇ ಕೇಳಿರಿ.