ಹಾವಿನ ವಿಷಕ್ಕೆ ಕುದುರೆಯ ರಕ್ತ

ಮುಂಗಾರು ಹಿಡಿದು ಗದ್ದೆ ಕೆಲಸ ಶುರುವಾಯಿತೆಂದರೆ ತಾಲ್ಲೂಕು ಆಸ್ಪತ್ರೆಗಳಿಗೆ ಹಾವು ಕಡಿದವರು ಬರತೊಡಗುತ್ತಾರೆ. ಆಗ ವೈದ್ಯರು ಕಪಾಟಿನಿಂದ ತೆಗೆಯುವುದು ಬಿಳಿಯ ಪುಡಿಯಿರುವ ಪುಟ್ಟ ಸೀಸೆಗಳನ್ನು. ಶುದ್ಧ ನೀರಿನಲ್ಲಿ ಕರಗಿಸಿ ರಕ್ತನಾಳಕ್ಕೆ ಹರಿಸುವ ಈ ಮದ್ದು ಗಿಡಮೂಲಿಕೆಯದಲ್ಲ, ರಾಸಾಯನಿಕವೂ ಅಲ್ಲ. ಅದು ಬಂದದ್ದು ಕುದುರೆಯ ರಕ್ತದಿಂದ. ಗದ್ದೆಯ ಬದುವಿನಲ್ಲಿ ಹಾವು ತುಳಿದ ರೈತನಿಗೂ ಎಲ್ಲೋ ಲಾಯದಲ್ಲಿ ನಿಂತ ಕುದುರೆಗೂ ಎಲ್ಲಿಯ ನಂಟು?

ಈ ಕಥೆ ಶುರುವಾಗುವುದು ವಿಯೆಟ್ನಾಮಿನಲ್ಲಿ. 1891ರಲ್ಲಿ ಫ್ರೆಂಚ್ ವೈದ್ಯ ಆಲ್ಬರ್ಟ್ ಕಾಲ್ಮೆಟ್ ಸೈಗಾನ್ ನಗರದ ಪಾಶ್ಚರ್ ಸಂಸ್ಥೆಯ ಹೊಣೆ ಹೊತ್ತಿದ್ದರು. ಬಾಕ್ ಲ್ಯೂ ಎಂಬ ಊರಿನ ಬಳಿ ನೆರೆ ಬಂದು, ಮನೆಗಳಿಗೆ ನುಗ್ಗಿದ ನಾಗರಹಾವುಗಳು 40 ಮಂದಿಯನ್ನು ಕಡಿದವು. ನಾಲ್ವರು ಸತ್ತರು. ಹಿಡಿದ ಹಾವುಗಳನ್ನು ಪೀಪಾಯಿಯಲ್ಲಿ ತುಂಬಿ ಕಾಲ್ಮೆಟ್ ಬಳಿಗೆ ಕಳುಹಿಸಿದರು. ಅದರ ಹಿಂದಿನ ವರ್ಷವಷ್ಟೇ ಬೇರಿಂಗ್ ಮತ್ತು ಕಿಟಸಾಟೊ ಎಂಬ ವಿಜ್ಞಾನಿಗಳು ರೋಗಾಣುವಿನ ನಂಜನ್ನು ಗೆದ್ದ ಪ್ರಾಣಿಯ ರಕ್ತದ್ರವ ಇನ್ನೊಂದು ಪ್ರಾಣಿಯನ್ನೂ ಕಾಪಾಡುತ್ತದೆಂದು ತೋರಿಸಿದ್ದರು. ಹಾವಿನ ನಂಜಿಗೂ ಇದೇ ನ್ಯಾಯ ಏಕೆ ಸಲ್ಲಬಾರದು? ಸಲ್ಲುತ್ತದೆ ಎಂಬುದನ್ನು 1894ರಲ್ಲಿ ಪ್ಯಾರಿಸ್ಸಿನಲ್ಲಿ ಕಾಲ್ಮೆಟ್ ತೋರಿಸಿದರು. ಅದೇ ವರ್ಷ ಫಿಸಾಲಿಕ್ಸ್ ಮತ್ತು ಬರ್ಟ್ರಾಂಡ್ ಬೇರೆಯಾಗಿಯೇ ಇದನ್ನು ಸಾಧಿಸಿದರು. ಆಮೇಲೆ ಕಾಲ್ಮೆಟ್ ಕುದುರೆಗಳನ್ನು ಬಳಸಿ ಮದ್ದು ತಯಾರಿಸತೊಡಗಿದರು.

ಕುದುರೆಯೇ ಏಕೆ? ಅದು ಪಳಗುವ ಪ್ರಾಣಿ. ಮೈ ದೊಡ್ಡದು, ರಕ್ತವೂ ಹೆಚ್ಚು. ಮೊದಲು ಅದಕ್ಕೆ ಅಪಾಯವಾಗದಷ್ಟು ಅತ್ಯಲ್ಪ ವಿಷವನ್ನು ಚುಚ್ಚುತ್ತಾರೆ. ವಾರಗಳು ಕಳೆದಂತೆ ಪ್ರಮಾಣ ಏರುತ್ತದೆ. ಕುದುರೆಯ ದೇಹ ಆ ವಿಷದ ಗುರುತು ಹಿಡಿದು ಪ್ರತಿಕಾಯಗಳನ್ನು ತಯಾರಿಸುತ್ತದೆ. ಅವು ಸಾಕಷ್ಟು ಕೂಡಿದಾಗ ಕತ್ತಿನ ರಕ್ತನಾಳದಿಂದ ರಕ್ತ ತೆಗೆದು, ಪ್ಲಾಸ್ಮಾ ಬೇರ್ಪಡಿಸುತ್ತಾರೆ. ಕೆಂಪು ಕಣಗಳನ್ನು ಕುದುರೆಗೇ ಮರಳಿಸುವ ಕ್ರಮವೂ ಇದೆ. ಪ್ಲಾಸ್ಮಾವನ್ನು ಶುದ್ಧಿ ಮಾಡಿ, ಒಣಗಿಸಿ ಪುಡಿ ಮಾಡಿದರೆ ಸೀಸೆಯ ಮದ್ದು ಸಿದ್ಧ. ಎಷ್ಟೇ ಶುದ್ಧಿ ಮಾಡಿದರೂ ಅದು ಪರಪ್ರಾಣಿಯ ವಸ್ತು. ಕೆಲವರ ಮೈ ಒಗ್ಗದೆ ಸಿಡಿದೇಳುತ್ತದೆ. ಆದ್ದರಿಂದಲೇ ಅಡ್ರಿನಲಿನ್ ಕೈಗೆಟುಕುವಂತಿಟ್ಟುಕೊಂಡೇ ಇದನ್ನು ಕೊಡಬೇಕು.

ಒಂದು ಬೀಗದ ಕೀಲಿ ಇನ್ನೊಂದಕ್ಕೆ ಆಗುವುದಿಲ್ಲ. ನಾಗರಹಾವಿನ ವಿಷಕ್ಕೆ ಮಾಡಿದ ಮದ್ದು ಎಲ್ಲ ಹಾವುಗಳಿಗೂ ಸಾಕೆಂದು ಕಾಲ್ಮೆಟ್ ಮೊದಲು ನಂಬಿದ್ದರು. ಬ್ರೆಜಿಲ್ಲಿನ ವೈದ್ಯ ವಿಟಾಲ್ ಬ್ರೆಜಿಲ್ ಅದು ತಪ್ಪೆಂದು ತೋರಿಸಿಕೊಟ್ಟರು. ಆದ್ದರಿಂದಲೇ ನಮ್ಮ ದೇಶದಲ್ಲಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷವನ್ನೂ ಬಳಸಿ ಒಂದೇ ಮದ್ದು ಮಾಡುತ್ತಾರೆ. ಆ ವಿಷದ ಬಹುಪಾಲು ಬರುವುದು ಚೆನ್ನೈ ಸಮೀಪದ ಇರುಳರ ಸಹಕಾರ ಸಂಘದಿಂದ. ಚರ್ಮಕ್ಕಾಗಿ ಹಾವು ಹಿಡಿಯುತ್ತಿದ್ದ ಈ ಬುಡಕಟ್ಟಿನವರ ಕಸುಬು 1972ರ ವನ್ಯಜೀವಿ ಕಾಯ್ದೆಯ ನಂತರ ನಿಂತುಹೋಗಿತ್ತು. 1978ರಲ್ಲಿ ರೊಮುಲಸ್ ವಿಟೇಕರ್ ಅವರ ನೆರವಿನಿಂದ ಸಂಘ ಹುಟ್ಟಿತು. ಹಿಡಿದ ಹಾವನ್ನು ಮೂರು ವಾರ ಇಟ್ಟುಕೊಂಡು, ನಾಲ್ಕು ಸಲ ವಿಷ ತೆಗೆದು, ಗುರುತು ಮಾಡಿ ಕಾಡಿಗೇ ಬಿಡುತ್ತಾರೆ.

ಇಲ್ಲೊಂದು ತೊಡಕೂ ಇದೆ. ಒಂದೇ ಜಾತಿಯ ಹಾವಿನ ವಿಷ ಸೀಮೆಯಿಂದ ಸೀಮೆಗೆ ಬೇರೆಯಾಗುತ್ತದೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ತಮಿಳುನಾಡಿನ ಹಾವಿನ ವಿಷದಿಂದ ಮಾಡಿದ ಮದ್ದು ರಾಜಸ್ಥಾನದಲ್ಲಿ ಅಷ್ಟೇ ಪರಿಣಾಮಕಾರಿ ಆಗಬೇಕೆಂದೇನಿಲ್ಲ. ನಮ್ಮ ಮಲೆನಾಡಿನ ಕಾಫಿ, ಅಡಿಕೆ ತೋಟಗಳಲ್ಲಿರುವ, ಮೂತಿ ಮೇಲಕ್ಕೆ ಮೊನಚಾದ ಸಣ್ಣ ಗುಳಿಮಂಡಲದ ವಿಷಕ್ಕಂತೂ ಈ ಮದ್ದು ನಾಟುವುದಿಲ್ಲ.

ಇನ್ನೊಂದು ಮಾತು. ಮದ್ದು ಹಿಡಿಯುವುದು ಮುಖ್ಯವಾಗಿ ರಕ್ತದಲ್ಲಿ ಇನ್ನೂ ಹರಿಯುತ್ತಿರುವ ವಿಷವನ್ನು. ಆಗಲೇ ಕೊಳೆತ ಮಾಂಸವನ್ನು, ಕೆಟ್ಟ ಮೂತ್ರಪಿಂಡವನ್ನು ಅದು ಸರಿಪಡಿಸಲಾರದು. ಆದ್ದರಿಂದ ಕಚ್ಚಿದ ಜಾಗವನ್ನು ಕೊಯ್ಯುವುದು, ಬಿಗಿಯಾಗಿ ಹಗ್ಗ ಕಟ್ಟುವುದು, ಮಂತ್ರ ಹಾಕಿಸಲು ಅಲೆಯುವುದು ಎಲ್ಲವೂ ಜೀವದ ಹೊತ್ತನ್ನು ಕಳೆದಂತೆ. ಕೈಕಾಲು ಅಲುಗಾಡದಂತೆ ನೋಡಿಕೊಂಡು ನೇರ ಆಸ್ಪತ್ರೆಗೆ ಒಯ್ಯಬೇಕು. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವು ಕಡಿದು ಸುಮಾರು 12 ಲಕ್ಷ ಜನ ಸತ್ತರೆಂದು ಅಧ್ಯಯನವೊಂದು ಅಂದಾಜಿಸಿದೆ. ಅವರಲ್ಲಿ ಹೆಚ್ಚಿನವರು ಆಸ್ಪತ್ರೆ ಕಾಣದೆ ಹಳ್ಳಿಯ ಮನೆಯಲ್ಲೇ ಕೊನೆಯುಸಿರೆಳೆದವರು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿದ್ದು ಈ ದಿಕ್ಕಿನಲ್ಲಿ ಒಳ್ಳೆಯ ಹೆಜ್ಜೆ.

ನಾಗರಪಂಚಮಿಯ ದಿನ ಹುತ್ತಕ್ಕೆ ಹಾಲೆರೆದು ಹಾವನ್ನು ನೆನೆಯುತ್ತೇವೆ. ಅದೇ ಹೊತ್ತಿಗೆ ಲಾಯದ ಕುದುರೆಯನ್ನೂ, ಬರಿಗೈಯಲ್ಲಿ ಹಾವು ಹಿಡಿದು ತರುವ ಇರುಳರನ್ನೂ ನೆನೆದರೆ ತಪ್ಪೇನಿಲ್ಲ.